ಕೋಟೆ ಕೇಂದ್ರದ್ದು, ಕೊಳಚೆ ಊರಿನದು

ಕಲಬುರಗಿ ನಗರದೊಳಗೆ ಎರಡು ಪ್ರಮುಖ ಜಲದಂಡೆಗಳಿವೆ. ಒಂದು, ಬಹಮನಿ ಕೋಟೆಯನ್ನು ಸುತ್ತುವರಿದಿರುವ ಕಂದಕ. ಇನ್ನೊಂದು, ಶರಣಬಸವೇಶ್ವರರ ಗುಡಿಯ ಬಳಿಯ ಕೆರೆ. ಊರವರ ಬಾಯಲ್ಲಿ ಅದು ಅಪ್ಪನ ಕೆರೆ. ಕಂದಕ ಕೇಂದ್ರ ಸರ್ಕಾರದ ಕಾನೂನಿನ ರಕ್ಷಣೆಯಲ್ಲಿದೆ, ಕೆರೆ ರಾಜ್ಯದ ಕಾನೂನಿನ ರಕ್ಷಣೆಯಲ್ಲಿದೆ. ಎರಡಕ್ಕೂ ಹರಿದು ಬರುವ ಬಚ್ಚಲು ನೀರಿನ ಹೊಣೆ ಮಾತ್ರ ಮಹಾನಗರ ಪಾಲಿಕೆಯದು. ಅಧಿಕಾರ ಒಂದು ಕಡೆ, ಹಣ ಮತ್ತೊಂದು ಕಡೆ, ಹೊಣೆ ಮೂರನೆಯ ಕಡೆ ಇರುವ ಈ ವ್ಯವಸ್ಥೆಯನ್ನು ಸರಿಪಡಿಸದೆ ದಂಡೆಯ ಮೇಲೆ ಎಷ್ಟು ಉದ್ಯಾನ ನಿರ್ಮಿಸಿದರೂ ಪ್ರಯೋಜನವಿಲ್ಲ ಎಂಬುದು ಈ ಲೇಖನದ ವಾದ.

ಈ ಪ್ರಶ್ನೆಯನ್ನು ಈಗಲೇ ಎತ್ತಬೇಕಾದುದಕ್ಕೆ ಕಾರಣವಿದೆ. ದಖನ್ನಿನ ಸುಲ್ತಾನರ ಸ್ಮಾರಕಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ವಿಜಯಪುರ, ಬೀದರ್ ಮತ್ತು ಹೈದರಾಬಾದಿನ ಸ್ಮಾರಕಗಳ ಜೊತೆಗೆ ಕಲಬುರಗಿಯ ಬಹಮನಿ ಸ್ಮಾರಕಗಳೂ ಆ ಪಟ್ಟಿಯಲ್ಲಿವೆ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯದ ಮೊದಲ ರಾಜಧಾನಿ ಇದು. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯಂತೆ ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ ಮಸೀದಿ ಭಾರತದಲ್ಲಿ ಅಪರೂಪ. ಇಂಥ ಸ್ಥಳದ ಮೇಲೆ ಕೇಂದ್ರಕ್ಕೆ ಆಸಕ್ತಿ ಇರುವುದು ಸಹಜ, ಇರಬೇಕಾದುದೂ ಹೌದು. ಇದರ ಜೊತೆಗೆ 2021ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಅಮೃತ್ 2.0’ ಯೋಜನೆ ನಗರಗಳ ಜಲಮೂಲಗಳ ಪುನಶ್ಚೇತನವನ್ನು ತನ್ನ ಗುರಿಗಳಲ್ಲಿ ಒಂದಾಗಿಸಿಕೊಂಡಿತು. 2022ರ ಏಪ್ರಿಲ್‌ನಲ್ಲಿ ಪ್ರಕಟವಾದ ‘ಅಮೃತ ಸರೋವರ’ ಯೋಜನೆ ಜಿಲ್ಲೆಗೆ 75 ಕೆರೆಕುಂಟೆಗಳಂತೆ ಗ್ರಾಮಾಂತರಕ್ಕೂ ಕಾಲಿಟ್ಟಿತು. ಒಟ್ಟಿನಲ್ಲಿ, ಊರಿನ ನೀರಿನ ದಂಡೆ ಈಗ ದೆಹಲಿಯ ಕಡತಗಳಲ್ಲಿಯೂ ಒಂದು ವಿಷಯವಾಗಿದೆ.

ಸಂವಿಧಾನ ಈ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ರಾಷ್ಟ್ರೀಯ ಮಹತ್ವದ್ದೆಂದು ಸಂಸತ್ತು ಘೋಷಿಸಿದ ಸ್ಮಾರಕಗಳು ಕೇಂದ್ರ ಪಟ್ಟಿಯ 67ನೇ ನಮೂದಿಗೆ ಸೇರುತ್ತವೆ. ನೀರು, ಭೂಮಿ, ಸ್ಥಳೀಯ ಆಡಳಿತ ಇವೆಲ್ಲ ರಾಜ್ಯಪಟ್ಟಿಯವು. 1992ರ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನೀರು ಸರಬರಾಜು, ನೈರ್ಮಲ್ಯ, ಪರಿಸರ ರಕ್ಷಣೆ, ಉದ್ಯಾನ ಮತ್ತು ಆಟದ ಮೈದಾನಗಳು ನಗರಸಭೆಗಳ ವಿಷಯಗಳಾಗಿವೆ. ಆದರೆ ಅನುಸೂಚಿಯಲ್ಲಿ ಹೆಸರಿಸಿದ ಮಾತ್ರಕ್ಕೆ ಅಧಿಕಾರ ಕೈಗೆ ಬರುವುದಿಲ್ಲ. ರಾಜ್ಯ ಶಾಸಕಾಂಗ ‘ಕೊಡಬಹುದು’ ಎಂದಷ್ಟೇ 243ಡಬ್ಲ್ಯು ವಿಧಿ ಹೇಳುತ್ತದೆ. ಕೊಡಲೇಬೇಕು ಎನ್ನುವುದಿಲ್ಲ. ಹೀಗಾಗಿ ಒಂದೇ ದಂಡೆಯ ಮೇಲೆ ಕಲ್ಲು ಕೇಂದ್ರದ್ದು, ನೀರು ರಾಜ್ಯದ್ದು, ಚರಂಡಿ ನಗರದ್ದು ಎಂಬ ಸ್ಥಿತಿ ಉಂಟಾಗಿದೆ.

ಕೋಟೆಯ ಕಂದಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗಿಡಗಂಟಿ ಬೆಳೆದು, ಕಸ ತುಂಬಿ, ಕೊಳಚೆ ಮಡುಗಟ್ಟಿ ನಿಂತ ಕಂದಕದ ಚಿತ್ರ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ದುರಸ್ತಿಗೂ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ ನೀಡುವ ಮಸೂದೆಯೊಂದನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತಾದರೂ ಅದು ರಾಜ್ಯಸಭೆಯನ್ನು ದಾಟಿ ಕಾಯ್ದೆಯಾಗಲಿಲ್ಲ. ಈ ನಿರ್ಬಂಧವನ್ನು ಬೊಟ್ಟುಮಾಡಿ ‘ನಮ್ಮ ಕೈ ಕಟ್ಟಿದೆ’ ಎನ್ನುವುದು ಸ್ಥಳೀಯ ಸಂಸ್ಥೆಗಳ ಸಾಮಾನ್ಯ ಉತ್ತರ. ‘ಸುತ್ತಲಿನ ಊರು ಸ್ವಚ್ಛವಿಲ್ಲದಿದ್ದರೆ ನಾವೇನು ಮಾಡೋಣ’ ಎನ್ನುವುದು ಸ್ಮಾರಕ ರಕ್ಷಕರ ಉತ್ತರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಆಗಿದೆ ಕಂದಕದ ಸ್ಥಿತಿ.

ಆದರೆ ಆ ಕಾಯ್ದೆಯನ್ನು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ‘ನಿರ್ಮಾಣ’ ಎಂಬ ಪದಕ್ಕೆ 2010ರ ತಿದ್ದುಪಡಿ ನೀಡಿದ ವ್ಯಾಖ್ಯೆಯಲ್ಲಿಯೇ ಚರಂಡಿಗಳ ನಿರ್ಮಾಣ, ನಿರ್ವಹಣೆ ಮತ್ತು ಶುಚಿಗೊಳಿಸುವಿಕೆ, ಸಾರ್ವಜನಿಕ ಶೌಚಾಲಯಗಳು, ಕುಡಿಯುವ ನೀರಿನ ಪೂರೈಕೆಯ ಕಾಮಗಾರಿಗಳು ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಅಂದರೆ ಕೋಟೆಯ ಹೊರಗೆ, ನಿಷೇಧಿತ ಪ್ರದೇಶದಲ್ಲಿಯೇ, ಬಚ್ಚಲು ನೀರನ್ನು ಕಂದಕಕ್ಕೆ ಬಾರದಂತೆ ತಿರುಗಿಸುವ ಚರಂಡಿ ಕಟ್ಟಲು ಆ ನಿಷೇಧ ಅಡ್ಡಿಯಲ್ಲ. ಕಂದಕದ ಒಳಗೆ ಇಳಿದು ಹೂಳು ತೆಗೆಯಲು ಮಾತ್ರ ಪುರಾತತ್ವ ಇಲಾಖೆಯ ಅನುಮತಿ ಬೇಕು, ಏಕೆಂದರೆ ಕಂದಕವೇ ಸ್ಮಾರಕದ ಭಾಗ. ಕಾನೂನು ತಾನಾಗಿಯೇ ಗೆರೆ ಎಳೆದುಕೊಟ್ಟಿದೆ: ಕೊಳಚೆಯನ್ನು ತಡೆಯುವುದು ಊರಿನ ಕೆಲಸ, ಕಂದಕವನ್ನು ಕಾಯುವುದು ಕೇಂದ್ರದ ಕೆಲಸ. ಆ ಗೆರೆಯನ್ನು ಒಪ್ಪಂದವಾಗಿಸಿ, ಕಾಲಮಿತಿ ಹಾಕಿಕೊಳ್ಳುವ ಕೆಲಸವಷ್ಟೇ ಬಾಕಿ.

ಕೆರೆಯ ಕಥೆ ಇನ್ನೂ ತೊಡಕಿನದು. ನಮ್ಮ ರಾಜ್ಯದ ನಗರಗಳ ಕೆರೆಗಳಲ್ಲಿ ಸಾಮಾನ್ಯವಾಗಿ ನೆಲದ ದಾಖಲೆ ಕಂದಾಯ ಇಲಾಖೆಯಲ್ಲಿ, ಏರಿ ಮತ್ತು ತೂಬು ಸಣ್ಣ ನೀರಾವರಿಯಲ್ಲಿ, ಮೀನಿನ ಹರಾಜು ಮೀನುಗಾರಿಕೆ ಇಲಾಖೆಯಲ್ಲಿ, ದಂಡೆಯ ಉದ್ಯಾನ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ತೋಟಗಾರಿಕೆ ಇಲಾಖೆಯಲ್ಲಿ, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ, ಒಳಚರಂಡಿಯ ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಲ್ಲಿ. ಒಡೆದ ಕೊಳವೆ ದುರಸ್ತಿಯ ದೂರು ಮಾತ್ರ ಪಾಲಿಕೆಯ ಸದಸ್ಯರ ಮನೆ ಬಾಗಿಲಿಗೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಕಾಯ್ದಿಟ್ಟ ಪ್ರದೇಶವೆಂದು ಹೇಳಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಈ ಅಂತರವನ್ನು 75 ಮೀಟರ್ ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಕುಗ್ಗಿಸುವ ಮಸೂದೆಯನ್ನು ಅಂಗೀಕರಿಸಿತು. 30, 75, 100, 200: ಈ ಯಾವ ಸಂಖ್ಯೆಯೂ ದಂಡೆಯ ಮೇಲೆ ಬದುಕುವವರನ್ನು ಕೇಳಿ ನಿರ್ಧಾರವಾದುದಲ್ಲ. ಜಾರಿಗೊಳಿಸುವ ಹೊಣೆ ಮಾತ್ರ ಬಹುತೇಕ ಊರಿನ ಆಡಳಿತದ್ದು.

ಹಾಗಾದರೆ ಊರಿನ ಆಡಳಿತದ ಬಲವೆಷ್ಟು? ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆಯಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ. ಮತದಾರರು ತೀರ್ಪು ಕೊಟ್ಟ ಮೇಲೂ ಒಂದೂವರೆ ವರ್ಷ ಸುಮಾರು ಐದೂಕಾಲು ಲಕ್ಷ ಜನಸಂಖ್ಯೆಯ (2011ರ ಜನಗಣತಿ) ನಗರಕ್ಕೆ ಚುನಾಯಿತ ಮುಖ್ಯಸ್ಥರಿರಲಿಲ್ಲ. ಇಂಥ ಸಂಸ್ಥೆ ದೆಹಲಿಯ ಅಧಿಕಾರಿಗಳ ಮುಂದೆ ಕುಳಿತು ತನ್ನ ಜಲದಂಡೆಯ ಬಗ್ಗೆ ಸಮಬಲದ ಮಾತುಕತೆ ನಡೆಸುವುದಾದರೂ ಹೇಗೆ? ಹಣದ ವಿಷಯವೂ ಅಷ್ಟೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಇಂಥ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ನೈರ್ಮಲ್ಯ ಮತ್ತು ಕುಡಿಯುವ ನೀರಿಗೆಂದೇ ಮೀಸಲಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಯಾವುದು ಮೊದಲು, ಯಾವುದು ನಂತರ ಎಂದು ಊರು ತಾನೇ ತೀರ್ಮಾನಿಸುವ ಅವಕಾಶ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಈ ಭಾಗಕ್ಕೆ 371ಜೆ ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಬಜೆಟ್‌ನಲ್ಲಿ 5,000 ಕೋಟಿ ರೂ. ಘೋಷಣೆಯಾಯಿತು, ಆದರೆ ಅದನ್ನು ಹಂಚುವ ಅಧಿಕಾರ ಮಂಡಳಿಯದು, ಪಾಲಿಕೆಯ ಸಾಮಾನ್ಯ ಸಭೆಯದಲ್ಲ.

ಇಲ್ಲಿ ಒಂದು ಸರಳ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ನಗರಗಳಿಗೆ ‘ಅಮೃತ್ 2.0’ ಅಡಿಯಲ್ಲಿ ಕೇಂದ್ರದ ಪಾಲು ಯೋಜನಾ ವೆಚ್ಚದ ಮೂರನೇ ಒಂದು ಭಾಗ. ಕೆರೆಯೊಂದರ ಪುನಶ್ಚೇತನಕ್ಕೆ 9 ಕೋಟಿ ರೂ. ಬೇಕೆಂದು ಊಹಿಸೋಣ. ಕೇಂದ್ರ 3 ಕೋಟಿ ಕೊಡುತ್ತದೆ. ಕಾವಲು, ವಿದ್ಯುತ್, ಹೂಳು, ಜಲಕಳೆ ತೆಗೆಯುವುದು, ಪಂಪಿನ ದುರಸ್ತಿ ಇವೆಲ್ಲಕ್ಕೆ ವರ್ಷಕ್ಕೆ ಮೂಲ ವೆಚ್ಚದ ಶೇ 5ರಷ್ಟು ಹಿಡಿದರೂ 45 ಲಕ್ಷ ರೂ.; ಇಪ್ಪತ್ತು ವರ್ಷಕ್ಕೆ ಮತ್ತೆ 9 ಕೋಟಿ. ಒಟ್ಟು 18 ಕೋಟಿಯಲ್ಲಿ ಕೇಂದ್ರದ ಪಾಲು ಆರರಲ್ಲಿ ಒಂದು. ಉಳಿದ ಐದು ಪಾಲು ರಾಜ್ಯದ ಮತ್ತು ಊರಿನ ತೆರಿಗೆದಾರರದು. ಆದರೆ ಯೋಜನೆಯ ರೂಪ, ವಿನ್ಯಾಸ, ಫಲಕದ ಮೇಲಿನ ಹೆಸರು ನಿರ್ಧಾರವಾಗುವುದು ಆರನೇ ಒಂದು ಪಾಲು ಕೊಟ್ಟವರ ಮಾರ್ಗಸೂಚಿಯಿಂದ.

ಇದರ ಪರಿಣಾಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಬಂಡವಾಳ ವೆಚ್ಚಕ್ಕೆ ಹೊರಗಿನ ಹಣ ಸಿಕ್ಕಿ, ನಿರ್ವಹಣೆಗೆ ಸಿಗದಿದ್ದರೆ, ಯಾವ ಸಂಸ್ಥೆಯೂ ಕಟ್ಟುವುದನ್ನು ಆರಿಸಿಕೊಳ್ಳುತ್ತದೆಯೇ ಹೊರತು ಕಾಪಾಡುವುದನ್ನಲ್ಲ. ಕಾರಂಜಿ, ಕಮಾನು, ಬಣ್ಣದ ದೀಪಗಳು ಉದ್ಘಾಟನೆಗೆ ಒದಗುತ್ತವೆ; ನೆಲದಡಿಯ ಕೊಳವೆಗೆ ಉದ್ಘಾಟನೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮ ಬಹುತೇಕ ಕೆರೆ ಉದ್ಯಾನಗಳಿಗೆ ಒಪ್ಪುತ್ತದೆ. ಆಡಳಿತದಲ್ಲಿದ್ದಾಗ ನಾನು ನೋಡಿದ ಎಷ್ಟೋ ಯೋಜನಾ ವರದಿಗಳಲ್ಲಿ ನಿರ್ವಹಣೆಯ ಅಧ್ಯಾಯ ಕೊನೆಯ ಅರ್ಧ ಪುಟವಾಗಿರುತ್ತಿತ್ತು.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಸ್ಥಳೀಯರ ಕೈಗೆ ಒಪ್ಪಿಸಿದರೆ ಸ್ವರ್ಗ ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆರೆಯಂಗಳದಲ್ಲಿ ಬಸ್ ನಿಲ್ದಾಣ, ಕ್ರೀಡಾಂಗಣ, ಬಡಾವಣೆ ಕಟ್ಟಿದ ಇತಿಹಾಸ ನಮ್ಮ ರಾಜ್ಯದ ಊರುಗಳದ್ದೇ. ಅಹಮದಾಬಾದಿನ ಸಾಬರಮತಿ ದಂಡೆಯ ಯೋಜನೆಯನ್ನು ನಡೆಸಿದ ನಿಗಮವನ್ನು 1997ರಲ್ಲಿ ಸ್ಥಾಪಿಸಿದ್ದು ಅಲ್ಲಿನ ನಗರಪಾಲಿಕೆ. ದಂಡೆ ಸುಂದರವಾಯಿತು ನಿಜ. ಅಲ್ಲಿ ವಾಸವಿದ್ದ ಸಾವಿರಾರು ಬಡ ಕುಟುಂಬಗಳು ಊರಿನ ಅಂಚಿಗೆ ಹೋಗಬೇಕಾದುದೂ ಅಷ್ಟೇ ನಿಜ. ಬೆಂಗಳೂರಿನಲ್ಲಿ 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಾಗ, ನಿನ್ನೆಯವರೆಗೆ ಎಲ್ಲರದಾಗಿದ್ದ ದಂಡೆಗೆ ಟಿಕೆಟ್ ಬಂತು. ನಾಗರಿಕರು ಹೈಕೋರ್ಟಿಗೆ ಹೋದರು. 2012ರಲ್ಲಿ ತೀರ್ಪು ಬಂದು, ಕೆರೆಗಳ ರಕ್ಷಣೆಗೆ ಜಿಲ್ಲಾ ಮಟ್ಟದ ಸಮಿತಿಗಳ ವ್ಯವಸ್ಥೆಗೆ ದಾರಿಯಾಯಿತು. ತಿರುಪತಿಯ ಎರಡು ಹಳೆಯ ಕೆರೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ಇದನ್ನೇ: ಜಲಮೂಲದ ವಿಷಯದಲ್ಲಿ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ. ಈ ಮಾತು ಕೇಂದ್ರಕ್ಕೆ ಎಷ್ಟು ಅನ್ವಯಿಸುತ್ತದೆಯೋ ಪಾಲಿಕೆಗೂ ಅಷ್ಟೇ ಅನ್ವಯಿಸುತ್ತದೆ.

ಇನ್ನು ಮೇಲಿನಿಂದ ಬಂದ ರಕ್ಷಣೆ ಊರನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಹಂಪಿಗಿಂತ ದೊಡ್ಡ ಪಾಠ ಬೇಕಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ ರಾಜ್ಯ ಸರ್ಕಾರ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಕಾಗದದ ಮೇಲೆ ಅದು ಉತ್ತಮ ಪ್ರಯೋಗ. ಸ್ಮಾರಕ ಮತ್ತು ಹಳ್ಳಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ನೋಡುವ ಪ್ರಯತ್ನ. ಆದರೆ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿದ ರೀತಿ, ನಿರ್ವಹಣೆಯೆಂದರೆ ಜನರನ್ನು ಹೊರಹಾಕುವುದು ಎಂಬ ಭಾವನೆಯನ್ನು ಬಿತ್ತಿತು. ಕಲಬುರಗಿ ಕೋಟೆಯೊಳಗೂ ದಶಕಗಳಿಂದ ವಾಸವಾಗಿರುವ ಕುಟುಂಬಗಳಿವೆ. ಅವರ ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಕೋಟೆಯಲ್ಲಿ ಮನೆಗಳಿರಬಾರದು ಎಂಬುದು ಕಾನೂನಿನ ದೃಷ್ಟಿಯಿಂದ ಸರಿ. ಆದರೆ ಅವರು ಎಲ್ಲಿಗೆ ಹೋಗಬೇಕು, ಮಕ್ಕಳ ಶಾಲೆ ಮತ್ತು ದಿನದ ಕೂಲಿಯಿಂದ ಎಷ್ಟು ದೂರ ಹೋಗಬೇಕು ಎಂಬುದು ಪುರಾತತ್ವದ ಪ್ರಶ್ನೆಯಲ್ಲ, ನಗರಾಡಳಿತದ ಪ್ರಶ್ನೆ. ಅದನ್ನು ಬಿಡಿಸಬಲ್ಲದ್ದು ಊರು ಮಾತ್ರ.

ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದ ಸೇಂಟ್ ಲೂಯಿ ನಗರ 1935ರಲ್ಲಿ ಮಿಸಿಸಿಪ್ಪಿ ನದಿಯ ದಂಡೆಯನ್ನು ರಾಷ್ಟ್ರೀಯ ಸ್ಮಾರಕಕ್ಕಾಗಿ ಕೇಂದ್ರ ಸರ್ಕಾರಕ್ಕೆ ಬಿಟ್ಟುಕೊಡಲು ನಿರ್ಧರಿಸಿತು. ಅದಕ್ಕಾಗಿ ಸಾಲಪತ್ರ ಹೊರಡಿಸಲು ಮತದಾರರ ಒಪ್ಪಿಗೆಯನ್ನೂ ಪಡೆಯಿತು; ಆ ಮತದಾನದಲ್ಲಿ ಅಕ್ರಮ ನಡೆದ ಆರೋಪವೂ ಬಂತು. ಹಳೆಯ ಊರಿನ ಸುಮಾರು 40 ಚೌಕಗಳನ್ನು ಕೆಡವಲಾಯಿತು. ಬಳಿಕ ಆ ದಂಡೆ ಎಷ್ಟೋ ವರ್ಷ ವಾಹನ ನಿಲ್ಲಿಸುವ ಬಯಲಾಗಿತ್ತು. ಪ್ರಸಿದ್ಧ ಕಮಾನು ಎದ್ದು ನಿಂತದ್ದು 1965ರಲ್ಲಿ. ಆದರೂ ಊರಿಗೂ ನದಿಗೂ ನಡುವೆ ಹೆದ್ದಾರಿ ಅಡ್ಡವಾಗಿತ್ತು. ಕೊನೆಗೆ 2013ರಲ್ಲಿ ಆ ನಗರ ಮತ್ತು ಸುತ್ತಲಿನ ಕೌಂಟಿಯ ಮತದಾರರು ತಮ್ಮ ಮೇಲೆ ತಾವೇ ಸಣ್ಣದೊಂದು ಮಾರಾಟ ತೆರಿಗೆ ಹಾಕಿಕೊಂಡು, ಕಮಾನಿನ ಆವರಣ, ಸ್ಥಳೀಯ ಉದ್ಯಾನಗಳು ಮತ್ತು ನಡಿಗೆದಾರಿಗಳಿಗೆ ಹಣ ಒದಗಿಸಿದರು. 2018ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನವೆನಿಸಿತು. ನೆಲ ಕೇಂದ್ರದ್ದಾಗಿಯೇ ಉಳಿಯಿತು. ಆದರೆ ಹಣ ಹಾಕಿದ ಊರಿಗೆ ಮಾತನಾಡುವ ಹಕ್ಕು ಬಂತು. ಬಿಟ್ಟುಕೊಟ್ಟ ದಂಡೆಯ ಮೇಲೆ ಮತ್ತೆ ದನಿ ಪಡೆಯಲು ಆ ಊರಿಗೆ ಮುಕ್ಕಾಲು ಶತಮಾನ ಬೇಕಾಯಿತು. ನಾವು ಅಷ್ಟು ಕಾಯಬೇಕಾಗಿಲ್ಲ.

ಕಲಬುರಗಿಯ ಜಲದಂಡೆಯ ಚರ್ಚೆ ನಗರದ ಗಡಿಯೊಳಗೇ ಮುಗಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ, 2018ರ ಸುಮಾರಿಗೆ ಹೊಸ ತಾಲ್ಲೂಕು ಕೇಂದ್ರವಾದ ಊರು. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯಿಂದ ಅದು ಹೆಸರುವಾಸಿ. ಬಾಳೆ ನೀರು ಬೇಡುವ ಬೆಳೆ. ಕೆರೆ, ಬಾವಿ, ಹಳ್ಳಗಳು ಬತ್ತಿದರೆ ಆ ಹೆಸರೂ ಬತ್ತುತ್ತದೆ. ಕಮಲಾಪುರ, ಮಹಾಗಾಂವ ಭಾಗದ ಗಂಡೋರಿ ನಾಲೆಯ ನೀರು ಸೇರುವುದು ಬೆಣ್ಣೆತೊರಾ ನದಿಗೆ. ಆ ಬೆಣ್ಣೆತೊರಾ, ಭೀಮೆಯ ಜೊತೆಗೆ, ಕಲಬುರಗಿ ನಗರದ ಕುಡಿಯುವ ನೀರಿನ ಮೂಲಗಳಲ್ಲಿ ಒಂದು. ಹಾಗಾಗಿ ಕಮಲಾಪುರದ ಕೆರೆಯ ಏರಿ ಗಟ್ಟಿಯಾಗಿದೆಯೇ, ಹಳ್ಳದ ದಂಡೆ ಒತ್ತುವರಿಯಾಗಿದೆಯೇ ಎಂಬುದು ನಗರದ ಮನೆಯ ನಲ್ಲಿಗೂ ಸಂಬಂಧಿಸಿದ ವಿಷಯ.

ಅಲ್ಲಿಯೂ ಅದೇ ಪ್ರಶ್ನೆ, ಬೇರೆ ರೂಪದಲ್ಲಿ. ‘ಅಮೃತ ಸರೋವರ’ ಯೋಜನೆಗೆ ಪ್ರತ್ಯೇಕ ಅನುದಾನವಿರಲಿಲ್ಲ. ಉದ್ಯೋಗ ಖಾತರಿ, ಹಣಕಾಸು ಆಯೋಗ ಮುಂತಾಗಿ ಆಗ ಜಾರಿಯಲ್ಲಿದ್ದ ಯೋಜನೆಗಳ ಹಣವನ್ನೇ ಹೊಂದಿಸಿ, ಕನಿಷ್ಠ ಒಂದು ಎಕರೆ ವಿಸ್ತೀರ್ಣದ, ಸುಮಾರು 10,000 ಘನ ಮೀಟರ್ ನೀರು ಹಿಡಿಯುವ ಕೆರೆಗಳನ್ನು ಮಾಡಬೇಕಿತ್ತು. ಪ್ರತಿ ಕೆರೆಗೂ ಬಳಕೆದಾರರ ಗುಂಪು ಇರಬೇಕೆಂಬ ಒಳ್ಳೆಯ ಷರತ್ತೂ ಇತ್ತು. ಆದರೆ ಜಿಲ್ಲೆಗೆ 75 ಎಂಬ ಸಂಖ್ಯೆ ಸ್ವಾತಂತ್ರ್ಯದ ಅಮೃತ ಮಹೋತ್ಸವದ ವರ್ಷಗಳ ಲೆಕ್ಕದಿಂದ ಬಂದುದೇ ಹೊರತು ಮಳೆಯ, ಮಣ್ಣಿನ, ಜಲಾನಯನದ ಲೆಕ್ಕದಿಂದಲ್ಲ. ರಾಜ್ಯದಲ್ಲಿ ಆಗಲೇ ಸುಮಾರು 36 ಸಾವಿರ ಕೆರೆಗಳಿರುವಾಗ, ಹೊಸ ಗುಂಡಿ ತೋಡುವುದಕ್ಕಿಂತ ಹಳೆಯ ಕೆರೆಯ ಹೂಳೆತ್ತಿ, ಆ ಮಣ್ಣನ್ನು ಹೊಲಕ್ಕೆ ಸಾಗಿಸಿ, ನೀರು ಬರುವ ಕಾಲುವೆಗಳನ್ನು ಬಿಡಿಸುವುದು ಮೇಲು ಎಂಬುದು ಯಾವ ರೈತನಿಗಾದರೂ ಗೊತ್ತು. ಆ ನಿರ್ಧಾರ ಅವನದಾಗಬೇಕು.

ಕೇಂದ್ರದ ಅಥವಾ ಅಂತರರಾಷ್ಟ್ರೀಯ ಮಾನ್ಯತೆ ಊರಿಗೆ ಮುಳುವಾಗಲೇಬೇಕೆಂದೂ ಇಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ರಾಮ್ಸಾರ್ ಪಟ್ಟಿಗೆ ಸೇರಿದವು. ಅಂಕಸಮುದ್ರ ಮೂಲತಃ ಹಳ್ಳಿಯ ನೀರಾವರಿ ಕೆರೆ. ಅಲ್ಲಿನ ಜಾಲಿ ಮರಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಊರವರು ತಮ್ಮವೆಂದು ಕಾಯ್ದರು. ಮಾನ್ಯತೆ ಅದರ ಹಿಂದೆ ಬಂತು. ಮೊದಲು ಊರಿನ ಕಾಳಜಿ, ನಂತರ ದೆಹಲಿಯ ಮುದ್ರೆ. ಈ ಕ್ರಮ ತಲೆಕೆಳಗಾದಾಗಲೇ ತೊಂದರೆ. ಸಾಮೂಹಿಕ ಸಂಪನ್ಮೂಲಗಳ ಕುರಿತ ಅಧ್ಯಯನಕ್ಕೆ 2009ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಲಿನಾರ್ ಆಸ್ಟ್ರಮ್ ತಮ್ಮ ಸಂಶೋಧನೆಯಲ್ಲಿ ಕಂಡದ್ದೂ ಇಂಥದ್ದೇ. ಬಳಸುವವರೇ ನಿಯಮ ರೂಪಿಸುವಲ್ಲಿ ಪಾಲ್ಗೊಂಡು, ತಾವೇ ಕಾವಲು ಕಾಯ್ದು, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕುವ ಕಡೆ ಕೆರೆ, ಕಾಡು, ಮೀನು ಉಳಿದಿವೆ. ಅಂಥ ಊರಿನ ನಿಯಮಗಳನ್ನು ಮೇಲಿನ ಸರ್ಕಾರ ಮಾನ್ಯ ಮಾಡುವುದೂ ಅಷ್ಟೇ ಅಗತ್ಯ ಎಂದು ಅವರು ಹೇಳಿದ್ದನ್ನು ನಾವು ಮರೆಯಬಾರದು.

ಇಷ್ಟರ ಮೇಲೆ, ಆಗಬೇಕಾದುದೇನು? ನನ್ನ ಸಲಹೆಗಳು ಐದು.

ಒಂದು, ಕಲ್ಲಿನ ಕಾವಲು ಮತ್ತು ದಂಡೆಯ ಆಡಳಿತವನ್ನು ಬೇರ್ಪಡಿಸಬೇಕು. ಕೋಟೆಯ ಗೋಡೆ, ಬುರುಜು, ಕಂದಕದ ರಚನೆ ಪುರಾತತ್ವ ಇಲಾಖೆಯ ಸಂಪೂರ್ಣ ಹೊಣೆ. ಕಂದಕದ ಹೊರದಂಡೆಯ ದಾರಿ, ದೀಪ, ಚರಂಡಿ, ವ್ಯಾಪಾರ, ವಾಹನ ಎಲ್ಲವೂ ಪಾಲಿಕೆಯ ಹೊಣೆ. ಇದನ್ನು ಇಲಾಖೆ, ಜಿಲ್ಲಾಡಳಿತ ಮತ್ತು ಪಾಲಿಕೆ ಲಿಖಿತ ಒಪ್ಪಂದವಾಗಿಸಬೇಕು. ಪ್ರತಿ ಸ್ಮಾರಕಕ್ಕೂ ಉಪವಿಧಿ ರೂಪಿಸಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಕಲಬುರಗಿ ಕೋಟೆಯ ಉಪವಿಧಿಯ ಕರಡು ಕನ್ನಡ ಮತ್ತು ಉರ್ದುವಿನಲ್ಲಿ ವಾರ್ಡಿನ ಜನರ ಕೈಸೇರಬೇಕು. ಕೋಟೆಯೊಳಗಿನ ಕುಟುಂಬಗಳ ಪುನರ್ವಸತಿ ಸಿದ್ಧವಾಗುವವರೆಗೆ ತೆರವು ಆಗಬಾರದು ಎಂಬ ಷರತ್ತೂ ಅದರಲ್ಲಿರಲಿ.

ಎರಡು, ಮೊದಲು ಚರಂಡಿ, ನಂತರ ಉದ್ಯಾನ. ಕೆರೆಗೆ ಅಥವಾ ಕಂದಕಕ್ಕೆ ಸೇರುವ ಕೊಳಚೆ ನಿಂತಿದೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ದೃಢಪಡಿಸುವವರೆಗೆ ದಂಡೆಯ ಅಲಂಕಾರಕ್ಕೆ ಯಾವ ಸರ್ಕಾರದ ಒಂದು ರೂಪಾಯಿಯೂ ಬಿಡುಗಡೆಯಾಗಬಾರದು.

ಮೂರು, ಪ್ರತಿ ಜಲದಂಡೆಗೂ ಪ್ರತ್ಯೇಕ ನಿರ್ವಹಣಾ ನಿಧಿ ಇರಬೇಕು. ಯೋಜನಾ ವೆಚ್ಚದ ಒಂದು ಭಾಗವನ್ನು ಆರಂಭದಲ್ಲಿಯೇ ಠೇವಣಿಯಾಗಿಟ್ಟು, ಬಡ್ಡಿಯನ್ನು ಮಾತ್ರ ಬಳಸುವ ವ್ಯವಸ್ಥೆ ಕಷ್ಟವಲ್ಲ. ತಾಜಮಹಲಿಗೆ ಹೋಗುವವರಿಂದ ಆಗ್ರಾ ಅಭಿವೃದ್ಧಿ ಪ್ರಾಧಿಕಾರ ಪ್ರತ್ಯೇಕ ‘ಪಥಕರ’ ವಸೂಲು ಮಾಡುತ್ತದೆ. ನಾಳೆ ಕಲಬುರಗಿ ಕೋಟೆಗೆ ಪ್ರವಾಸಿಗರು ಹೆಚ್ಚಿದರೆ, ಆ ಆದಾಯದ ನಿಗದಿತ ಪಾಲು ಕಂದಕದ ದಂಡೆಗೇ ಮರಳಬೇಕು.

ನಾಲ್ಕು, ದಂಡೆಯ ನಡಿಗೆದಾರಿ ಎಂದಿಗೂ ಉಚಿತವಾಗಿರಬೇಕು. ದೋಣಿವಿಹಾರಕ್ಕೆ, ವಾಹನ ನಿಲುಗಡೆಗೆ ಶುಲ್ಕವಿರಲಿ. ನೀರನ್ನು ನೋಡುವುದಕ್ಕೆ ಬೇಡ. ಬೇಲಿ ಹಾಕುವ, ಗುತ್ತಿಗೆ ಕೊಡುವ ಯಾವುದೇ ಪ್ರಸ್ತಾವಕ್ಕೆ ಸಂಬಂಧಪಟ್ಟ ವಾರ್ಡ್ ಸಮಿತಿಯ ಒಪ್ಪಿಗೆ ಕಡ್ಡಾಯವಾಗಬೇಕು. ಅದಕ್ಕೆ ಮೊದಲು ವಾರ್ಡ್ ಸಮಿತಿಗಳು ಕಾಗದದಿಂದ ಇಳಿದು ಕುರ್ಚಿಯ ಮೇಲೆ ಕೂರಬೇಕು. ಚುನಾವಣೆ ಮುಗಿದ ಮೂರು ತಿಂಗಳೊಳಗೆ ಮೇಯರ್ ಆಯ್ಕೆಯಾಗಲೇಬೇಕು ಎಂಬ ಕಟ್ಟುನಿಟ್ಟಿನ ನಿಯಮವೂ ಇದರ ಜೊತೆಗೇ ಬರಬೇಕು.

ಐದು, ಕಮಲಾಪುರದಂಥ ಮೇಲಿನ ಊರುಗಳಿಗೆ ನಗರ ಪಾಲು ಕೊಡಬೇಕು. ನೀರು ಕುಡಿಯುವ ನಗರ, ನೀರು ಕಾಯುವ ಹಳ್ಳಿಯ ಕೆರೆ ಸಂಘಕ್ಕೆ ವರ್ಷಕ್ಕಿಷ್ಟು ಎಂದು ನೀರಿನ ಶುಲ್ಕದಿಂದ ಕೊಡುವುದು ದಾನವಲ್ಲ. ಪಡೆದ ಸೇವೆಗೆ ಸಲ್ಲಿಸುವ ಬೆಲೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯ ಆರಂಭಿಸಿದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳ ಮಾದರಿಯನ್ನು ನಮಗೆ ಕೊಟ್ಟಿದೆ. ಆ ಅನುಭವದಲ್ಲಿ ಗಟ್ಟಿಯಾದುದನ್ನು ಆರಿಸಿಕೊಂಡರೆ ಸಾಕು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೇಂದ್ರದ ಹಣದ ಬಗ್ಗೆ ನಮ್ಮ ಊರುಗಳಲ್ಲಿ ಗೊಣಗಾಟವಿದೆ. ಹಣವೇ ಬೇಡ ಎನ್ನುವ ಸ್ಥಿತಿಯಲ್ಲಿ ಯಾವ ಪಾಲಿಕೆಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಬೇಕಾಗಿರುವುದು ಷರತ್ತುಗಳನ್ನು ಎರಡೂ ಕಡೆಯಿಂದ ಬರೆಯುವ ಧೈರ್ಯ. ವಿಶ್ವ ಪರಂಪರೆಯ ಅಂತಿಮ ಪಟ್ಟಿಗೆ ನಾಮನಿರ್ದೇಶನವಾಗುವಾಗ ನಿರ್ವಹಣಾ ಯೋಜನೆಯೊಂದನ್ನು ಸಲ್ಲಿಸಲೇಬೇಕು. ಆ ದಾಖಲೆ ದೆಹಲಿಯ ಸಲಹೆಗಾರರ ಕಚೇರಿಯಲ್ಲಿ ಸಿದ್ಧವಾಗಿ ಬಂದ ಮೇಲೆ ಆಕ್ಷೇಪಿಸಿ ಪ್ರಯೋಜನವಿಲ್ಲ. ಕಲಬುರಗಿಯ ಪಾಲಿಕೆ ತನ್ನ ಜಲದಂಡೆಯ ಯೋಜನೆಯನ್ನು ಈಗಲೇ, ತನ್ನ ಸಾಮಾನ್ಯ ಸಭೆಯಲ್ಲಿ, ತನ್ನ ಭಾಷೆಯಲ್ಲಿ ಬರೆದು ಅಂಗೀಕರಿಸಲಿ. ಮೊದಲು ಬರೆದವರ ಕರಡಿನ ಮೇಲೆಯೇ ಉಳಿದವರು ತಿದ್ದುತ್ತಾರೆ ಎಂಬುದು ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದ ಎಲ್ಲರಿಗೂ ತಿಳಿದ ಸತ್ಯ.